ಕಣ್ಣಂದಾಜಿಗೆ ಸಿಗದ ರಕ್ತ

ಹೆರಿಗೆ ಕೋಣೆಯ ರಿಜಿಸ್ಟರಿನಲ್ಲಿ ಮಗುವಿನ ತೂಕ, ಲಿಂಗ, ಹುಟ್ಟಿದ ಸಮಯ ಬರೆಯುವ ಸಾಲಿನಲ್ಲಿಯೇ ತಾಯಿಗೆ ಎಷ್ಟು ರಕ್ತ ಹೋಯಿತು ಎಂದು ಬರೆಯಲು ಒಂದು ಚಿಕ್ಕ ಕಾಲಂ ಇರುತ್ತದೆ. ಉತ್ತರ ಕರ್ನಾಟಕದ ಬೇರೆ ಬೇರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದ ನಾನು ಆ ಕಾಲಂ ಅನ್ನು ಸಾವಿರಾರು ಸಲ ತುಂಬಿದ್ದೇನೆ. ಅಲ್ಲಿ ನಾವು ಮಿಲಿಲೀಟರ್ ಲೆಕ್ಕದಲ್ಲಿ ಬರೆಯುತ್ತಿದ್ದ ಅಂಕಿಗಳು ಮೂರೋ ನಾಲ್ಕೋ ಮಾತ್ರ: 150, 200, 250, ಸ್ವಲ್ಪ ಜಾಸ್ತಿ ಅನ್ನಿಸಿದರೆ 300. ಯಾರಾದರೂ 430 ಎಂದು ಬರೆದದ್ದನ್ನು ನಾನು ಕಾಣಲಿಲ್ಲ, ಏಕೆಂದರೆ ಅಳೆಯದೆ 430 ಎಂದು ಬರೆಯಲು ಕೈ ಬರುವುದಿಲ್ಲ. ಮಗುವಿನ ತೂಕಕ್ಕೆ ನಮ್ಮಲ್ಲಿ ತಕ್ಕಡಿಯಿತ್ತು, ಜ್ವರಕ್ಕೆ ಥರ್ಮಾಮೀಟರ್ ಇತ್ತು. ತಾಯಿಯ ರಕ್ತಕ್ಕೆ ಮಾತ್ರ ನಮ್ಮ ಕಣ್ಣೇ ಅಳತೆಗೋಲಾಗಿತ್ತು.

1998ರ ಮಳೆಗಾಲದ ಒಂದು ರಾತ್ರಿಯ ಬಗ್ಗೆ ಇಲ್ಲಿ ಬರೆಯಲೇಬೇಕು. ಮೂರನೆಯ ಹೆರಿಗೆಗೆ ಬಂದ ಸಣ್ಣ ಮೈಕಟ್ಟಿನ ಹೆಣ್ಣುಮಗಳು ಅವಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿತ್ತು, ರಕ್ತಹೀನತೆ ಎಂಬುದು ಯಾರಿಗಾದರೂ ತಿಳಿಯುವಂತಿತ್ತು. ಹೆರಿಗೆ ಸಲೀಸಾಗಿ ಆಯಿತು, ಮಗು ಅತ್ತಿತು, ಮಾಸು ಪೂರ್ತಿಯಾಗಿ ಬಂತು. ಆಮೇಲೆ ರಕ್ತ ಹರಿಯುತ್ತಲೇ ಇತ್ತು, ಆದರೆ ಧಾರೆಯಾಗಿ ಅಲ್ಲ, ಗೋಡೆಯ ಒರತೆಯಂತೆ ಸದ್ದಿಲ್ಲದೆ. ಅವಳ ಕೆಳಗೆ ಮನೆಯವರು ತಂದಿದ್ದ ಹಳೆಯ ಕಾಟನ್ ಸೀರೆ ಮಡಚಿ ಹಾಸಿದ್ದೆವು. ನನಗೆ ಅನುಮಾನ ಬಂದು ಆಕೆಯ ಅತ್ತೆಗೆ ಹೇಳಿದಾಗ ಆ ಹಿರಿಯರು, "ಕೆಟ್ಟ ರಗತ ಹೋದ್ರ ಚಲೋನ ಆತು ಬಿಡ್ರಿ ಅಕ್ಕಾರ, ಒಳಗ ಉಳದ್ರ ಬ್ಯಾನಿ" ಎಂದರು. ಅವರ ಮಾತಿನಲ್ಲಿ ಕೇಡು ಇರಲಿಲ್ಲ. ತಮ್ಮ ತಾಯಿಯಿಂದ ಕೇಳಿದ್ದನ್ನು ಅವರು ನನಗೆ ಹೇಳಿದ್ದರು. ನಾನು ಒಂದು ಇಂಜೆಕ್ಷನ್ ಕೊಟ್ಟೆ, ಸ್ವಲ್ಪ ಹೊತ್ತು ಕಾದೆ, ರಿಜಿಸ್ಟರಿನಲ್ಲಿ 300 ಎಂದು ಬರೆದೆ, ಮತ್ತೆ ಬಂದು ನೋಡಿದೆ, ಸಲೈನ್ ಹಚ್ಚಿದೆ, ಬೇರೆ ಕಡೆ ಇದ್ದ ವೈದ್ಯರಿಗೆ ಹೇಳಿ ಕಳುಹಿಸಿದೆ. ಅಷ್ಟರಲ್ಲಿ ಅವಳು ನೀರು ಕೇಳಿದಳು, ಕಣ್ಣ ಮುಂದೆ ಕತ್ತಲೆ ಬರುತ್ತಿದೆ ಎಂದಳು. ಆಗ 108 ಇರಲಿಲ್ಲ, ಅದು ರಾಜ್ಯಕ್ಕೆ ಬಂದದ್ದು 2008ರ ನವೆಂಬರ್‌ನಲ್ಲಿ. ಬಾಡಿಗೆಯ ಟ್ರ್ಯಾಕ್ಸ್ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೊರಟರು. ಊರು ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಅವಳು ತೀರಿಕೊಂಡಳು.

ಬೆಳಗಿನ ಜಾವ ಮೇಜಿನ ಕೆಳಗೆ ಬಿದ್ದಿದ್ದ ಆ ಸೀರೆಯನ್ನು ಎತ್ತಿದಾಗ ಅದು ಒಂದು ಕೈಗೆ ಏಳಲಿಲ್ಲ. ನೀರಿನಲ್ಲಿ ನೆನೆಸಿ ಹಿಂಡದೆ ಎತ್ತಿದ ಜಮಖಾನೆಯಷ್ಟು ಭಾರವಿತ್ತು. ಎಷ್ಟು ರಕ್ತ ಹೋಗಿತ್ತು ಎಂಬುದು ನನಗೆ ತಿಳಿದದ್ದು ಆಗ, ಕಣ್ಣಿನಿಂದಲ್ಲ, ಮುಂಗೈಯಿಂದ. ರಿಜಿಸ್ಟರಿನಲ್ಲಿ ಮಾತ್ರ 300 ಎಂದೇ ಉಳಿಯಿತು.

ಹೆರಿಗೆಯ ನಂತರ ರಕ್ತ ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿದರೆ, ಅದು ನಿಲ್ಲದಿದ್ದಾಗ ಸಮಯ ಎಷ್ಟು ಕಡಿಮೆ ಇರುತ್ತದೆ ಎಂಬುದೂ ಅರ್ಥವಾಗುತ್ತದೆ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿದು ಬರುತ್ತಿರುತ್ತದೆ. ಮಾಸು ಬಿಡಿಸಿಕೊಂಡ ಜಾಗದಲ್ಲಿ ಆ ರಕ್ತನಾಳಗಳ ಬಾಯಿಗಳು ತೆರೆದೇ ಉಳಿಯುತ್ತವೆ. ಗರ್ಭಕೋಶದ ಸ್ನಾಯುವಿನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಅದು ಕುಗ್ಗಿ ಗಟ್ಟಿಯಾದ ಕೂಡಲೇ ಆ ಎಳೆಗಳೇ ನಾಳಗಳನ್ನು ದಾರ ಕಟ್ಟಿ ಬಿಗಿದಂತೆ ಮುಚ್ಚುತ್ತವೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ತೆಂಗಿನಕಾಯಿಯಂತೆ ಗಟ್ಟಿಯಾದ ಉಂಡೆ ಸಿಗಬೇಕು. ಮೆತ್ತಗೆ, ಕಣಕದಂತೆ ಸಿಕ್ಕರೆ ರಕ್ತ ಹೋಗುತ್ತಿದೆ ಎಂದರ್ಥ. ಎಳೆವಯಸ್ಸಿನ ದೇಹವು ಬಹಳಷ್ಟು ರಕ್ತ ಹೋಗುವವರೆಗೂ ಬಿ.ಪಿ.ಯನ್ನು ಹಿಡಿದಿಟ್ಟುಕೊಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆದುದರಿಂದ ಬಾಣಂತಿ ಮಾತನಾಡುತ್ತಿದ್ದಾಳೆ, ಬಿ.ಪಿ. ಸರಿಯಿದೆ ಎಂಬ ಸಮಾಧಾನವನ್ನು ನಂಬಿ ಕೂರುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸುರಿನ ಮತ್ತು ಹೆರಿಗೆಯ ಕಾರಣಗಳಿಂದ ಸುಮಾರು 2,60,000 ಹೆಂಗಸರು ಸತ್ತರು, ಅಂದರೆ ದಿನಕ್ಕೆ ಏಳುನೂರಕ್ಕೂ ಹೆಚ್ಚು. ಇವುಗಳಲ್ಲಿ ಶೇ. 90ಕ್ಕೂ ಹೆಚ್ಚು ಸಾವುಗಳು ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ ಆದಂಥವು. ನೈಜೀರಿಯಾ ಒಂದರಲ್ಲಿಯೇ ಸುಮಾರು 75,000. ಕಡಿಮೆ ಆದಾಯದ ದೇಶಗಳಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 346 ತಾಯಂದಿರು ಸಾಯುತ್ತಿದ್ದರೆ ಶ್ರೀಮಂತ ದೇಶಗಳಲ್ಲಿ ಹತ್ತು ಮಂದಿ. ಒಟ್ಟು ಸಾವುಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಿನವು ರಕ್ತಸ್ರಾವದಿಂದ, ಅದರಲ್ಲೂ ಬಹುಪಾಲು ಹೆರಿಗೆಯಾದ ನಂತರದ ರಕ್ತಸ್ರಾವದಿಂದ ಆಗುತ್ತವೆ. ನಂಜು, ಬಿ.ಪಿ. ಏರಿ ಬರುವ ಫಿಟ್ಸ್, ಅಡ್ಡ ಸಿಕ್ಕಿಕೊಂಡ ಮಗು ಮುಂತಾದ ಬೇರೆ ಕಾರಣಗಳೂ ಇವೆ, ಪ್ರತಿಯೊಂದೂ ಬರೆಯತಕ್ಕದ್ದೇ. ನಾನು ಇಲ್ಲಿ ರಕ್ತಸ್ರಾವಕ್ಕೇ ನಿಲ್ಲುತ್ತೇನೆ, ಏಕೆಂದರೆ ಅದು ನನ್ನ ಕಣ್ಣೆದುರಿಗೆ ಆದದ್ದು. ಅಲ್ಲದೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ವಿಷಯದಲ್ಲಿ ನಡೆದ ಕೆಲಸದ ಒಂದು ಬೇರು ನಮ್ಮ ಬೆಳಗಾವಿಯಲ್ಲಿಯೇ ಇದೆ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಒಂದು ಅಧ್ಯಯನ ನಡೆಸಿದರು. ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ ಎಎನ್‌ಎಂ ಸಿಸ್ಟರ್‌ಗಳು ಮಾಡಿಸುತ್ತಿದ್ದ 1,620 ಹೆರಿಗೆಗಳಲ್ಲಿ, ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ, ಉಳಿದವರಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆ. ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ, ಬಾಯಿಗೆ ಹಾಕಿ ನೀರು ಕುಡಿಸಿದರಾಯಿತು. ಔಷಧವಿಲ್ಲದ ಗುಂಪಿನಲ್ಲಿ ಶೇ. 12ರಷ್ಟು ತಾಯಂದಿರಿಗೆ ಅತಿಯಾದ, ಅಂದರೆ 500 ಮಿ.ಲೀ. ಅಥವಾ ಅದಕ್ಕೂ ಹೆಚ್ಚಿನ ರಕ್ತಸ್ರಾವವಾಯಿತು, ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ ಶೇ. 6.4ರಷ್ಟು ಮಂದಿಗೆ ಮಾತ್ರ. ಚಳಿ, ನಡುಕ, ಜ್ವರ ಕೆಲವರಿಗೆ ಬಂದವು, ಹೋದವು. ಲೀಟರಿಗೂ ಮೀರಿದ ತೀವ್ರ ಸ್ರಾವ ಶೇ. 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಔಷಧವಾಗಿ ಮಿಸೊಪ್ರೊಸ್ಟಾಲ್ ಅನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಅಂಕಿಗಳನ್ನು ಓದುವಾಗ ನನ್ನ ಗಮನ ಮಾತ್ರೆಗಿಂತ ಹೆಚ್ಚಾಗಿ ಹೋದದ್ದು ಬೇರೊಂದು ವಸ್ತುವಿನ ಕಡೆಗೆ. ಹಳ್ಳಿಮನೆಯ ನೆಲದ ಮೇಲೆ ಆಗುವ ಹೆರಿಗೆಯಲ್ಲಿ 500 ಮಿ.ಲೀ. ದಾಟಿತೇ ಇಲ್ಲವೇ ಎಂದು ಹೇಳಬೇಕಾದರೆ ಮೊದಲು ಅದನ್ನು ಅಳೆಯಬೇಕಲ್ಲವೇ? ಅದಕ್ಕಾಗಿ ಅವರು ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಮಗು ಹುಟ್ಟಿದ ಮೇಲೆ ಅದನ್ನು ತಾಯಿಯ ಕೆಳಗೆ ಸರಿಸಿ, ಎರಡು ಪಟ್ಟಿಗಳಿಂದ ಹೊಟ್ಟೆಯ ಸುತ್ತ ಕಟ್ಟುತ್ತಾರೆ. ಹಾಳೆಯ ಕೆಳತುದಿ ಲಾಳಿಕೆಯಂತೆ ಕಿರಿದಾಗುತ್ತ ಒಂದು ಚೀಲವಾಗುತ್ತದೆ. ಪಾರದರ್ಶಕವಾದ ಆ ಚೀಲದ ಮೇಲೆ ಔಷಧದ ಶೀಶೆಯ ಮೇಲಿರುವಂತೆ ಗೆರೆಗಳು, ಅಂಕಿಗಳು. ರಕ್ತ ಬಟ್ಟೆಗೆ ಹೀರುವುದಿಲ್ಲ, ನೆಲಕ್ಕೆ ಹರಡುವುದಿಲ್ಲ, ಚೀಲಕ್ಕೆ ಇಳಿದು ಗೆರೆಯಿಂದ ಗೆರೆಗೆ ಏರುತ್ತದೆ. ನಾವು ಅದನ್ನು ಡ್ರೇಪ್ ಎಂದೇ ಕರೆಯುತ್ತೇವೆ. ಬೆಳಗಾವಿಯಲ್ಲಿಯೇ 123 ಹೆರಿಗೆಗಳಲ್ಲಿ ಕಣ್ಣಂದಾಜನ್ನೂ ಡ್ರೇಪಿನ ಅಳತೆಯನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಶೇ. 33ರಷ್ಟು ಕಡಿಮೆ ಇತ್ತು. ಅಂದರೆ ನನ್ನ ಹಾಗೆ 300 ಎಂದು ಬರೆದವರು 450ರ ಹತ್ತಿರ ಇದ್ದಿರಬಹುದು. ಅದೂ ಸ್ರಾವ ಮಿತಿಯಲ್ಲಿದ್ದಾಗ. ಸ್ರಾವ ಹೆಚ್ಚಿದಷ್ಟೂ ಕಣ್ಣು ಇನ್ನಷ್ಟು ತಪ್ಪುತ್ತದೆ ಎಂಬುದು ನನ್ನ ಅನುಭವ.

ನಿವೃತ್ತಿಯ ನಂತರ ನಾನು ಒಂದು ನರ್ಸಿಂಗ್ ಶಾಲೆಗೆ ಹೋಗಿ ಪಾಠ ಹೇಳುತ್ತೇನೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ಒಂದು ಹಳೆಯ ಕಾಟನ್ ಸೀರೆಯನ್ನು ಮಡಚಿ ಮೇಜಿನ ಮೇಲೆ ಹಾಸಿ, ಅದರ ಮೇಲೆ ಕುಂಕುಮ ಕಲಸಿದ ನೀರನ್ನು ನಿಧಾನವಾಗಿ ಸುರಿಯುತ್ತೇನೆ. ಸುರಿಯುವ ಮೊದಲು ಅಳತೆಯನ್ನು ವಿದ್ಯಾರ್ಥಿನಿಯರಿಗೆ ತೋರಿಸುವುದಿಲ್ಲ. ಎಷ್ಟಿರಬಹುದು ಎಂದು ಚೀಟಿಯಲ್ಲಿ ಬರೆದು ಕೊಡಲು ಹೇಳುತ್ತೇನೆ. ಕಳೆದ ಸಲ ಸುರಿದದ್ದು 700 ಮಿ.ಲೀ., ಬಂದ ಚೀಟಿಗಳಲ್ಲಿ 200, 250, 300, 350. ಒಬ್ಬಳು ಮಾತ್ರ 500 ಎಂದು ಬರೆದು, ಅದು ಜಾಸ್ತಿಯಾಯಿತೇನೋ ಎಂಬ ಅನುಮಾನದಿಂದ ಹೊಡೆದುಹಾಕಿ 400 ಮಾಡಿದ್ದಳು. ಅಕ್ಕಿ ಅಳೆಯುವಾಗ, ಹಾಲು ಕಾಸುವಾಗ ಈ ಹುಡುಗಿಯರ ಅಂದಾಜು ತಪ್ಪುವುದಿಲ್ಲ. ಸೀರೆ ಹೀರಿಕೊಂಡ ನೀರಿನ ವಿಷಯದಲ್ಲಿ ಯಾರ ಕಣ್ಣೂ ನಿಲ್ಲುವುದಿಲ್ಲ, ಮೂವತ್ತು ವರ್ಷ ಅನುಭವವಿದ್ದ ನನ್ನದೂ ನಿಂತಿರಲಿಲ್ಲ.

ಅಳತೆಯಿಂದ ಆಗುವ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಜಗತ್ತಿಗೆ ಸ್ಪಷ್ಟವಾಗಿ ತಿಳಿದದ್ದು 2023ರ ಮೇ ತಿಂಗಳಲ್ಲಿ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಎಂಬ ಅಧ್ಯಯನದ ಫಲಿತಾಂಶ ಆಗ ಹೊರಬಂತು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಮುಂದೆ ನಿಂತಿದ್ದರೂ, ಕೆಲಸ ನಡೆದದ್ದು ಆಯಾ ದೇಶಗಳ ವೈದ್ಯರು ಮತ್ತು ಸೂಲಗಿತ್ತಿ ನರ್ಸುಗಳಿಂದ. ನೈಜೀರಿಯಾದಲ್ಲಿ ಅದರ ಹೊಣೆ ಹೊತ್ತವರು ಕಾನೋ ನಗರದ ಪ್ರಸೂತಿ ತಜ್ಞೆ ಹದೀಜಾ ಗಲದಾಂಚಿ. ಇವು ನಮ್ಮ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಮಟ್ಟದ ಆಸ್ಪತ್ರೆಗಳು, ಒಟ್ಟು ಎರಡು ಲಕ್ಷ ಹತ್ತು ಸಾವಿರದಷ್ಟು ಸಹಜ ಹೆರಿಗೆಗಳು. ಅರ್ಧ ಆಸ್ಪತ್ರೆಗಳಲ್ಲಿ ರೂಢಿಯಂತೆ ಕಣ್ಣಂದಾಜು. ಇನ್ನರ್ಧದಲ್ಲಿ ಪ್ರತಿ ತಾಯಿಗೂ ಅಳತೆಯ ಡ್ರೇಪ್, ಮತ್ತು ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ ಕೆಲಸಗಳ ಒಂದು ಕಟ್ಟು. ಕಣ್ಣಂದಾಜಿನ ಆಸ್ಪತ್ರೆಗಳಲ್ಲಿ ಅತಿಸ್ರಾವವಾದ ತಾಯಂದಿರಲ್ಲಿ ಶೇ. 51ರಷ್ಟು ಮಂದಿಯದು ಮಾತ್ರ ಸಿಬ್ಬಂದಿಯ ಗಮನಕ್ಕೆ ಬಂದಿತ್ತು. ಡ್ರೇಪ್ ಇದ್ದಲ್ಲಿ ಶೇ. 93. ಅರ್ಧಕ್ಕೆ ಅರ್ಧ ತಾಯಂದಿರ ರಕ್ತ ಯಾರ ಗಮನಕ್ಕೂ ಬಾರದೆ ಹರಿದು ಹೋಗುತ್ತಿತ್ತು ಎಂಬ ಈ ಸಾಲನ್ನು ಓದಿದ ದಿನ ನಾನು ಬೇರೇನೂ ಓದಲಿಲ್ಲ.

ಲೀಟರಿಗೂ ಮೀರಿದ ಸ್ರಾವ, ರಕ್ತ ನಿಲ್ಲಿಸಲು ಹೊಟ್ಟೆ ತೆರೆಯಬೇಕಾದ ಶಸ್ತ್ರಚಿಕಿತ್ಸೆ, ರಕ್ತಸ್ರಾವದಿಂದಾದ ಸಾವು, ಈ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ರೂಢಿಯ ಆಸ್ಪತ್ರೆಗಳಲ್ಲಿ ಶೇ. 4.3 ಇದ್ದದ್ದು ಡ್ರೇಪಿನ ಆಸ್ಪತ್ರೆಗಳಲ್ಲಿ ಶೇ. 1.6ಕ್ಕೆ ಇಳಿದಿತ್ತು. ಈ ಇಳಿಕೆಯ ಬಹುಭಾಗ ತೀವ್ರ ಸ್ರಾವದಲ್ಲಿ ಆದದ್ದು ಎಂಬುದನ್ನೂ ಹೇಳಬೇಕು. ಎರಡೂ ಕಡೆ ಸಾವುಗಳ ಸಂಖ್ಯೆ ಚಿಕ್ಕದಾಗಿದ್ದುದರಿಂದ, ಸಾವಿನ ಮಟ್ಟಿಗೆ ಪ್ರತ್ಯೇಕವಾಗಿ ಖಚಿತ ತೀರ್ಮಾನ ಕೊಡುವಷ್ಟು ವ್ಯತ್ಯಾಸ ಆ ಅಧ್ಯಯನದಲ್ಲಿ ಸಿಗಲಿಲ್ಲ. ಆದರೂ ಲೀಟರುಗಟ್ಟಲೆ ರಕ್ತ ಕಳೆದುಕೊಂಡು ಬದುಕುಳಿದ ಬಾಣಂತಿಯ ಮುಂದಿನ ಆರು ತಿಂಗಳು ಹೇಗಿರುತ್ತವೆ ಎಂಬುದನ್ನು ಕಂಡವಳಾಗಿ, ತೀವ್ರ ಸ್ರಾವ ಕಡಿಮೆಯಾದದ್ದೇ ನನ್ನ ಪಾಲಿಗೆ ದೊಡ್ಡ ಸುದ್ದಿ. ಹಾಲು ಸರಿಯಾಗಿ ಬರುವುದಿಲ್ಲ, ಎದ್ದರೆ ತಲೆ ಸುತ್ತು, ಮಗು ಎತ್ತಿಕೊಳ್ಳಲು ತ್ರಾಣವಿಲ್ಲ. ಮನೆಯಲ್ಲಿ ಅದಕ್ಕೆ ಸೋಮಾರಿತನವೆಂಬ ಹೆಸರು.

ಆ ಕಟ್ಟಿನಲ್ಲಿ ಇದ್ದದ್ದೆಲ್ಲ ನಮಗೆ ಮೊದಲೇ ಗೊತ್ತಿದ್ದ ಸಂಗತಿಗಳು ಎಂಬುದು ನನ್ನನ್ನು ಬಹಳ ಕಾಡಿದೆ. ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ತಿಕ್ಕುವುದು, ಅದನ್ನು ಕುಗ್ಗಿಸುವ ಆಕ್ಸಿಟೋಸಿನ್‌ನಂಥ ಔಷಧ, ರಕ್ತದ ಗರಣೆ ಕರಗದಂತೆ ಹಿಡಿಯುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ಎಲ್ಲಿಯಾದರೂ ಹರಿದಿದೆಯೇ ಎಂಬ ತಪಾಸಣೆ, ನಿಲ್ಲದಿದ್ದರೆ ಮೇಲಿನವರನ್ನು ಕರೆಯುವುದು. 1998ರ ಆ ರಾತ್ರಿ ಇವುಗಳಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನಾನು ಮಾಡಿದ್ದೆ, ಆದರೆ ಒಂದಾದ ಮೇಲೆ ಒಂದು, ನಡುನಡುವೆ ಕಾದು. ನಮಗೆ ಕಲಿಸಿದ ಕ್ರಮವೇ ಅದು: ಒಂದು ಕೊಡು, ನೋಡು, ನಿಲ್ಲದಿದ್ದರೆ ಇನ್ನೊಂದು ಕೊಡು. ಹೊಸ ಕ್ರಮದಲ್ಲಿ ಗೆರೆ 500 ಮುಟ್ಟಿದರೆ, ಅಥವಾ 300 ದಾಟಿ ನಾಡಿ, ಬಿ.ಪಿ. ಏರುಪೇರಾದರೆ, ಎಲ್ಲವೂ ಒಟ್ಟಿಗೆ, ಹದಿನೈದು ನಿಮಿಷದೊಳಗೆ. ಒಬ್ಬರ ಕೈ ಹೊಟ್ಟೆಯ ಮೇಲಿರುವಾಗ ಇನ್ನೊಬ್ಬರು ಸೂಜಿ ಹಾಕುತ್ತಿರಬೇಕು. ಕಾಯುವುದು ಎಂಬ ಪದವೇ ಆ ಪಟ್ಟಿಯಲ್ಲಿಲ್ಲ.

ಟ್ರಾನೆಕ್ಸಾಮಿಕ್ ಆಸಿಡ್ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಅದನ್ನು 1960ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ. ಹೆರಿಗೆ ನಂತರದ ರಕ್ತಸ್ರಾವಕ್ಕೆ ಅದು ಉಪಯೋಗವಾಗಬೇಕೆಂಬುದು ಉತಾಕೊ ಅವರ ಹಂಬಲವಾಗಿತ್ತು, ಆದರೆ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಅರ್ಧ ಶತಮಾನ ಹಿಡಿಯಿತು. 21 ದೇಶಗಳ ಇಪ್ಪತ್ತು ಸಾವಿರ ತಾಯಂದಿರ ಮೇಲೆ ನಡೆದ ಆ ಪರೀಕ್ಷೆಯ ಫಲಿತಾಂಶ 2017ರ ಏಪ್ರಿಲ್‌ನಲ್ಲಿ ಬಂತು: ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಮೂರನೆಯ ಒಂದು ಭಾಗದಷ್ಟು ಕಡಿಮೆ. ತಡವಾದ ಪ್ರತಿ ಹದಿನೈದು ನಿಮಿಷಕ್ಕೂ ಅದರ ಪ್ರಯೋಜನ ಸುಮಾರು ಶೇ. 10ರಷ್ಟು ಕುಗ್ಗುತ್ತದೆ. ಉತಾಕೊ ಅವರು ಅದರ ಹಿಂದಿನ ವರ್ಷದ ಏಪ್ರಿಲ್‌ನಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ತರಗತಿಯಲ್ಲಿ ಈ ಔಷಧದ ಹೆಸರು ಹೇಳುವಾಗಲೆಲ್ಲ ಅವರ ಹೆಸರನ್ನೂ ಹೇಳುತ್ತೇನೆ.

ಇನ್ನು ಔಷಧದ ಗುಣಮಟ್ಟ. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ನಾನಿದ್ದ ಕಡೆ ಬೇಸಿಗೆಯಲ್ಲಿ 42 ಡಿಗ್ರಿ, ದಿನಕ್ಕೆ ಐದಾರು ತಾಸು ಕರೆಂಟ್ ಇಲ್ಲ. ಫ್ರಿಜ್ಜಿನಿಂದ ತೆಗೆದ ಶೀಶೆಯನ್ನು ಅನುಕೂಲಕ್ಕೆಂದು ಟ್ರೇಯಲ್ಲಿಯೇ ಇಟ್ಟುಕೊಂಡು ವಾರಗಟ್ಟಲೆ ಬಳಸಿದ್ದೂ ಉಂಟು. ಔಷಧ ಕೊಟ್ಟೆವು, ಕೆಲಸ ಮಾಡಲಿಲ್ಲ ಎಂದು ನಾವು ಹೇಳಿದ ಎಷ್ಟು ಸಂದರ್ಭಗಳಲ್ಲಿ ಶೀಶೆಯಲ್ಲಿದ್ದದ್ದು ಸತ್ವ ಕಳೆದುಕೊಂಡ ನೀರಾಗಿತ್ತೋ ಗೊತ್ತಿಲ್ಲ. ತಾಪಕ್ಕೆ ಕೆಡದ ಕಾರ್ಬೆಟೋಸಿನ್ ಈಗ ಬಂದಿದೆ. ಭಾರತವೂ ಸೇರಿ ಹತ್ತು ದೇಶಗಳ ಸುಮಾರು ಮೂವತ್ತು ಸಾವಿರ ತಾಯಂದಿರಲ್ಲಿ ನಡೆದ ಹೋಲಿಕೆಯಲ್ಲಿ, ಅತಿಸ್ರಾವ ತಡೆಯುವುದರಲ್ಲಿ ಅದು ಆಕ್ಸಿಟೋಸಿನ್‌ಗೆ ಸಮನಾಗಿದೆ ಎಂದು 2018ರಲ್ಲಿ ತಿಳಿದುಬಂತು. ಹಳ್ಳಿಯ ಕೇಂದ್ರಗಳಿಗೆ ಅದು ತಲುಪಬೇಕು. ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಸಲೈನ್ ಬಾಟಲಿಯ ಗುಣಮಟ್ಟದ ಬಗ್ಗೆ ಇಡೀ ರಾಜ್ಯ ಮಾತನಾಡಿತು. ನರ್ಸಿನ ಕೈಯಲ್ಲಿ ಎಷ್ಟೇ ಚುರುಕಿದ್ದರೂ ಬಾಟಲಿಯ ಒಳಗೆ ಏನಿದೆ ಎಂಬುದನ್ನು ಅವಳು ನೋಡಲಾರಳು. ಅದನ್ನು ನೋಡಬೇಕಾದವರು ಖರೀದಿಯ ಕಡತಕ್ಕೆ ಸಹಿ ಹಾಕುವವರು.

ಇಷ್ಟೆಲ್ಲ ಆದ ಮೇಲೂ ನಿಲ್ಲದ ಸ್ರಾವಕ್ಕೆ ಬೇಕಾದದ್ದು ರಕ್ತವೇ. ಕಡಿಮೆ ಆದಾಯದ ದೇಶಗಳಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಐದು ರಕ್ತದಾನಗಳು ಆಗುತ್ತವೆ, ಶ್ರೀಮಂತ ದೇಶಗಳಲ್ಲಿ ಮೂವತ್ತೊಂದಕ್ಕೂ ಹೆಚ್ಚು. ರುವಾಂಡಾ ಈ ವಿಷಯದಲ್ಲಿ ಮಾಡಿದ್ದು ನೋಡತಕ್ಕದ್ದು. ಗುಡ್ಡಗಳೇ ತುಂಬಿದ ಆ ಚಿಕ್ಕ ದೇಶ 2016ರಿಂದ ಡ್ರೋನ್‌ಗಳ ಮೂಲಕ ದೂರದ ಆಸ್ಪತ್ರೆಗಳಿಗೆ ರಕ್ತ ಕಳುಹಿಸುತ್ತಿದೆ. ಆಸ್ಪತ್ರೆಯ ಅಂಗಳದಲ್ಲಿ ಸಣ್ಣ ಪ್ಯಾರಾಚೂಟಿಗೆ ಕಟ್ಟಿದ ಪೆಟ್ಟಿಗೆ ಇಳಿಯುತ್ತದೆ. ಆದರೆ ಡ್ರೋನಿನ ಚಿತ್ರ ನೋಡಿ ಮರುಳಾಗುವವರು, ಅದಕ್ಕಿಂತ ಬಹಳ ಮೊದಲೇ ಆ ದೇಶ ಪ್ರತಿ ಹಳ್ಳಿಗೆ ತಾಯಂದಿರ ಆರೋಗ್ಯ ನೋಡಿಕೊಳ್ಳುವ ಕಾರ್ಯಕರ್ತೆಯನ್ನು ನೇಮಿಸಿ, ಬಹುಪಾಲು ಜನರಿಗೆ ಸಮುದಾಯ ಆರೋಗ್ಯ ವಿಮೆ ಮಾಡಿಸಿ, ಹೆರಿಗೆಗಳನ್ನು ಆಸ್ಪತ್ರೆಗೆ ತಂದಿತ್ತು ಎಂಬುದನ್ನು ಮರೆಯಬಾರದು. ಅಲ್ಲಿನ ಸಮೀಕ್ಷೆಗಳ ಪ್ರಕಾರ 2000ರಲ್ಲಿ ಒಂದು ಲಕ್ಷ ಜನನಗಳಿಗೆ 1,071 ಇದ್ದ ತಾಯಂದಿರ ಸಾವು 2019-20ರ ಹೊತ್ತಿಗೆ 203ಕ್ಕೆ ಇಳಿದಿದೆ. ನಮ್ಮ ಕರ್ನಾಟಕದಲ್ಲಿ 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69 ಆಯಿತು. ಈ ಎರಡೂ ಇಳಿಕೆಗಳ ಹಿಂದೆ ಒಂದು ಯಂತ್ರವಿಲ್ಲ, ಹಳ್ಳಿಯಿಂದ ಹೆರಿಗೆ ಮೇಜಿನವರೆಗೆ ಬಸುರಿಯ ಜೊತೆಗೆ ನಡೆದ ಸಾವಿರಾರು ಹೆಂಗಸರಿದ್ದಾರೆ.

ಬಸುರಿಯೊಳಗಿನ ರಕ್ತದ ವಿಷಯವೂ ಇದೇ ಮಾತಿಗೆ ಸೇರಿದ್ದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಚೆನ್ನಾಗಿ ಉಂಡುಟ್ಟ ತಾಯಿ 700 ಮಿ.ಲೀ. ಕಳೆದುಕೊಂಡು ಮರುದಿನ ಎದ್ದು ಕೂರಬಹುದು, ಆರೋ ಏಳೋ ಗ್ರಾಂ ಹಿಮೋಗ್ಲೋಬಿನ್ ಇರುವ ನಲವತ್ತು ಕಿಲೋ ತೂಕದ ತಾಯಿಗೆ ಅಷ್ಟೇ ಪ್ರಮಾಣ ಪ್ರಾಣಕ್ಕೆ ಬರುತ್ತದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟೆವು ಎಂದು ತಾಯಿ ಕಾರ್ಡಿನಲ್ಲಿ ಗುರುತು ಹಾಕುವುದು ಸುಲಭ. ಆ ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗಿ ಹುಟ್ಟುತ್ತದೆ ಎಂಬ ಹೆದರಿಕೆ ಬೇರೆ. ಇದನ್ನೆಲ್ಲ ಕೂತು ಮಾತನಾಡಿ ಬಿಡಿಸಲು ಆಶಾ ಕಾರ್ಯಕರ್ತೆಗೆ ಸಮಯವೂ ಬೇಕು, ಆ ಸಮಯಕ್ಕೆ ತಕ್ಕ ಸಂಬಳವೂ ಬೇಕು.

"ಕೆಟ್ಟ ರಗತ" ಎಂಬ ಮಾತಿಗೆ ಈಗ ನಾನು ಸಿಟ್ಟಾಗುವುದಿಲ್ಲ. ಮನೆಯವರನ್ನು ಹೆರಿಗೆ ಮೇಜಿನ ಹತ್ತಿರಕ್ಕೆ ಕರೆದು ಡ್ರೇಪಿನ ಚೀಲವನ್ನು ತೋರಿಸಿ, "ಅವ್ವಾರ, ಈ ಗೆರಿ ತನಕ ಬಂದ್ರ ಚಿಂತಿಲ್ರಿ, ಇದರ ಮ್ಯಾಲ ಬಂದ್ರ ಜೀವಾ ಹೋಗೂ ರಗತ" ಎಂದು ಹೇಳುವುದನ್ನು ಸೇವೆಯ ಕೊನೆಯ ವರ್ಷಗಳಲ್ಲಿ ರೂಢಿ ಮಾಡಿಕೊಂಡೆ. ಹಿರಿಯರು ಒಪ್ಪುತ್ತಿದ್ದರು. ಅವರು ಒಪ್ಪದೆ ಇದ್ದದ್ದು ನನ್ನ ಮಾತನ್ನೇ ಹೊರತು ಗೆರೆಯನ್ನಲ್ಲ. ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಾಗ ಹಿಂದೆ ಎರಡು ತಾಸು ನಡೆಯುತ್ತಿದ್ದ ಸಮಾಲೋಚನೆ, ಅಳತೆ ಕಣ್ಣಿಗೆ ಕಂಡಾಗ ಹತ್ತು ನಿಮಿಷಕ್ಕೆ ಮುಗಿದದ್ದನ್ನು ನೋಡಿದ್ದೇನೆ.

ಡ್ರೇಪ್ ಒಮ್ಮೆ ಬಳಸಿ ಎಸೆಯುವ ವಸ್ತು. ಬಡ ದೇಶವೊಂದರ ಆಸ್ಪತ್ರೆಗೆ ವರ್ಷವಿಡೀ ಪ್ರತಿ ಹೆರಿಗೆಗೂ ಒಂದರಂತೆ ಅದನ್ನು ಒದಗಿಸುವುದು, ಸಂಶೋಧನೆಯ ಹಣ ಮುಗಿದ ಮೇಲೂ ಒದಗಿಸುತ್ತಲೇ ಇರುವುದು ಸಣ್ಣ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಯಲ್ಲಿ ಎಲ್ಲ ಸಹಜ ಹೆರಿಗೆಗಳಿಗೂ ಇಂಥ ಅಳತೆಯನ್ನು ಶಿಫಾರಸು ಮಾಡಿದೆ. ನನ್ನ ಆತಂಕ ಮಾತ್ರ ಬೇರೆ. ಡ್ರೇಪ್ ಬಂದು, ಔಷಧ ಬಂದು, ಅದನ್ನು ಕೊಡುವ ಅಧಿಕಾರ ನರ್ಸಿಗೆ ಬಾರದಿದ್ದರೆ, ಗೆರೆ 500 ಮುಟ್ಟಿದ್ದನ್ನು ನೋಡುತ್ತ ಅವಳು ಫೋನ್ ಹಿಡಿದು ನಿಲ್ಲಬೇಕಾಗುತ್ತದೆ. ಆಫ್ರಿಕಾದ ಆ ಆಸ್ಪತ್ರೆಗಳಲ್ಲಿ ಕಟ್ಟನ್ನು ಆರಂಭಿಸಿದವರು ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ನರ್ಸುಗಳೇ. ಬೆಳಗಾವಿಯ ಹಳ್ಳಿಗಳಲ್ಲಿ ಮಾತ್ರೆ ಕೊಟ್ಟವರೂ ಎಎನ್‌ಎಂ ಸಿಸ್ಟರ್‌ಗಳೇ. ತಾಯಿಗೆ ಅತ್ಯಂತ ಹತ್ತಿರ ಇರುವ ಕೈಗೆ ಅಪ್ಪಣೆ ಕೊಟ್ಟಲ್ಲೆಲ್ಲ ಕೆಲಸ ನಡೆದಿದೆ.

ಕಳೆದ ವರ್ಷ ಕುಂಕುಮದ ನೀರಿನ ತರಗತಿ ಮುಗಿದ ಮೇಲೆ, 500 ಎಂದು ಬರೆದು ಹೊಡೆದುಹಾಕಿದ್ದ ಆ ಹುಡುಗಿ ಹಿಂದೆ ಉಳಿದು, "ಮೇಡಂ, ಗೆರೆ 500 ಮುಟ್ಟಿದಾಗ ಡಾಕ್ಟರ್ ಇಲ್ಲದಿದ್ದರೆ ನಾನೇ ಶುರು ಮಾಡಬಹುದಾ? ಆಮೇಲೆ ನನ್ನನ್ನು ಯಾರಾದರೂ ಕೇಳಿದರೆ?" ಎಂದಳು. ಅವಳಿಗೆ ಬಾಯಿಮಾತಿನಲ್ಲಿ ಹೌದು ಎಂದು ಹೇಳಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ. ವಿದ್ಯಾರ್ಥಿನಿಯರು ತರಬೇತಿಗೆ ಹೋಗುವ ಆಸ್ಪತ್ರೆಯ ಮುಖ್ಯಸ್ಥರನ್ನು ಭೇಟಿಯಾಗಿ, ಪ್ರಸೂತಿ ತಜ್ಞರ ಜೊತೆ ಕುಳಿತು, ಯಾವ ಗೆರೆಗೆ ಯಾವ ಔಷಧ, ಎಷ್ಟು ಪ್ರಮಾಣ, ಯಾರು ಆರಂಭಿಸಬಹುದು ಎಂಬುದನ್ನು ಅವರ ಕೈಯಿಂದಲೇ ಬರೆಸಲು ಮೂರು ಸಲ ಓಡಾಡಬೇಕಾಯಿತು. ಈಗ ಆ ಹಾಳೆ ಹೆರಿಗೆ ಕೋಣೆಯಲ್ಲಿ, ತುರ್ತು ಔಷಧದ ಟ್ರೇಯ ಮೇಲಿನ ಗೋಡೆಯಲ್ಲಿ ಅಂಟಿಸಿದೆ. "ಕರ್ತವ್ಯದಲ್ಲಿರುವ ಶುಶ್ರೂಷಾಧಿಕಾರಿಯೇ ಕೂಡಲೇ ಆರಂಭಿಸತಕ್ಕದ್ದು" ಎಂಬ ಸಾಲಿನ ಕೆಳಗೆ ಇಬ್ಬರ ಸಹಿ, ದಿನಾಂಕ, ಮೊಹರು ಇವೆ.